ಪೆಸಿಫಿಕ್‌ಗೆ ಪ್ರದಕ್ಷಿಣೆ ಹಾಕಿದ ಹಡಗು

ಮೆಕ್ಸಿಕೋ ತೀರದಿಂದ ಹೊರಟ ಸ್ಪೇನಿನ ಹಾಯಿಹಡಗುಗಳಿಗೆ ಪೆಸಿಫಿಕ್ ದಾಟಿ ಏಷ್ಯ ಸೇರುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ವಾಣಿಜ್ಯ ಮಾರುತಗಳು ಬೆನ್ನಿಗೆ ನಿಂತು ನೂಕುತ್ತಿದ್ದವು. ಕಷ್ಟವಿದ್ದದ್ದು ಮರಳುವುದರಲ್ಲಿ. 1522ರಲ್ಲಿ ಮೆಗಲನ್ ತಂಡದ ‘ಟ್ರಿನಿಡಾಡ್’ ಮಸಾಲೆ ದ್ವೀಪಗಳಿಂದ ಲವಂಗ ತುಂಬಿಕೊಂಡು ಪೂರ್ವಕ್ಕೆ ಹೊರಟು, ಚಳಿ, ಬಿರುಗಾಳಿ, ರೋಗಗಳಿಗೆ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕಳೆದುಕೊಂಡು ವಾಪಸಾಯಿತು. ಸಾವೆದ್ರ ಎಂಬ ಕಪ್ತಾನ 1528 ಮತ್ತು 1529ರಲ್ಲಿ ಎರಡು ಬಾರಿ ಯತ್ನಿಸಿದ. ಎರಡನೆಯ ಸಲ ಕಡಲಲ್ಲೇ ಸತ್ತ.

ಆ ಸೋಲನ್ನು ದ್ವೀಪದಲ್ಲಿದ್ದೇ ಕಂಡ ತರುಣ ಆಂದ್ರೆಸ್ ದೆ ಉರ್ದನೆಟ. ಮುಂದೆ ಮೆಕ್ಸಿಕೋದಲ್ಲಿ ಸನ್ಯಾಸಿಯಾದ ಆತನನ್ನು ದೊರೆ ಎರಡನೆಯ ಫಿಲಿಪ್ ಮತ್ತೆ ಹಡಗು ಹತ್ತಿಸಿದ. 1565ರ ಜೂನ್ 1ರಂದು ಫಿಲಿಪ್ಪೀನ್ಸಿನ ಸೆಬುವಿನಿಂದ ಹೊರಟ ‘ಸಾನ್ ಪೆದ್ರೊ’ ನೇರ ಪೂರ್ವಕ್ಕೆ ಹೋಗಲಿಲ್ಲ. ನಮಗೆ ಮುಂಗಾರು ತರುವ ನೈರುತ್ಯ ಮಾರುತ ಆ ಕಡಲಲ್ಲೂ ಬೀಸುತ್ತದೆ. ಅದನ್ನು ಹಿಡಿದು ಉತ್ತರಕ್ಕೇರಿ, ಜಪಾನಿನ ಪೂರ್ವಕ್ಕೆ ಸುಮಾರು 39 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲ್ಲಿಯ ಪಶ್ಚಿಮ ಮಾರುತಕ್ಕೆ ಹಾಯಿ ಒಡ್ಡಿತು. ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯ ಕಂಡಿತು; ಅಕ್ಟೋಬರ್ 8ಕ್ಕೆ ಅಕಾಪುಲ್ಕೊ ಸೇರಿತು.

ಇದಕ್ಕೆ ಎರಡು ತಿಂಗಳು ಮೊದಲೇ, ಆಫ್ರಿಕ ಮೂಲದ ಚುಕ್ಕಾಣಿಗ ಲೋಪೆ ಮಾರ್ತಿನ್ ಪುಟ್ಟ ‘ಸಾನ್ ಲುಕಾಸ್’ ಹಡಗನ್ನು ಮೆಕ್ಸಿಕೋಗೆ ಮುಟ್ಟಿಸಿದ್ದ. ತಂಡ ಬಿಟ್ಟು ಓಡಿದ ಆರೋಪ ಆ ಹಡಗಿನವರ ಮೇಲಿತ್ತು. ಕೀರ್ತಿಯೆಲ್ಲ ಸನ್ಯಾಸಿಯ ಪಾಲಾಯಿತು! ನಂತರ 1815ರವರೆಗೆ ಮನಿಲಾ ಹಡಗುಗಳು ಇದೇ ಸುತ್ತು ಹಾಕಿದವು. ಹೋಗುವಾಗ ಬೆಳ್ಳಿ, ಬರುವಾಗ ಚೀನಾ ರೇಷ್ಮೆ.

ಉತ್ತರ ಪೆಸಿಫಿಕ್‌ನ ನೀರು ಸುತ್ತುವುದೂ ಹೀಗೆಯೇ. ಸಮಭಾಜಕದ ಬಳಿ ಪಶ್ಚಿಮಕ್ಕೆ, ಜಪಾನಿನ ಪಕ್ಕ ಕುರೊಷಿಯೊ ಎಂಬ ‘ಕಪ್ಪು ಪ್ರವಾಹ’ವಾಗಿ ಉತ್ತರಕ್ಕೆ, ಅಲ್ಲಿಂದ ಪೂರ್ವಕ್ಕೆ, ಕ್ಯಾಲಿಫೋರ್ನಿಯದ ಬದಿಯಲ್ಲಿ ದಕ್ಷಿಣಕ್ಕೆ. ಗಡಿಯಾರದ ಮುಳ್ಳಿನ ದಿಕ್ಕು; ಗುಡಿಯಲ್ಲಿ ಹಾಕುವ ಪ್ರದಕ್ಷಿಣೆಯ ದಿಕ್ಕೂ ಹೌದು. ಉತ್ತರ ಅಟ್ಲಾಂಟಿಕ್‌ನ ದೊಡ್ಡ ಸುತ್ತೂ ಹಾಗೆಯೇ.

ಕಾರಣ ತಿಳಿಯಲು ಮೂರು ಶತಮಾನ ಕಾಯಬೇಕಾಯಿತು. ತಿರುಗುವ ಭೂಮಿಯ ಉತ್ತರಾರ್ಧದಲ್ಲಿ ಚಲಿಸುವುದೆಲ್ಲ ಬಲಕ್ಕೆ ವಾಲುತ್ತದೆ. ಇದರ ಹಿಂದಿನ ಗಣಿತವನ್ನು ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲಿ ಕೊಟ್ಟ. ಆತ ಬರೆದದ್ದು ಯಂತ್ರಗಳ ಬಗ್ಗೆ, ಕಡಲಿನ ಮಾತೇ ಅದರಲ್ಲಿರಲಿಲ್ಲ. 1893-96ರ ಧ್ರುವಯಾನದಲ್ಲಿ ನಾರ್ವೆಯ ನಾನ್ಸೆನ್, ಮಂಜುಗಡ್ಡೆಗಳು ಗಾಳಿಯ ದಿಕ್ಕಿಗಿಂತ ಬಲಕ್ಕೆ ಸರಿಯುವುದನ್ನು ಗಮನಿಸಿದ. ಸ್ವೀಡನ್ನಿನ ಎಕ್‌ಮನ್ 1905ರಲ್ಲಿ ಅದನ್ನು ಲೆಕ್ಕ ಹಾಕಿ ವಿವರಿಸಿದ. ಸಾಗರದ ದಕ್ಷಿಣ ಭಾಗದಲ್ಲಿ ಗಾಳಿ ಪಶ್ಚಿಮಕ್ಕೆ, ಉತ್ತರದಲ್ಲಿ ಪೂರ್ವಕ್ಕೆ ಸಾಗುತ್ತದೆ. ಎರಡೂ ನೀರನ್ನು ತಮ್ಮ ಬಲಕ್ಕೆ, ಅಂದರೆ ನಡುವಿಗೆ ದೂಡುತ್ತವೆ. ಅಲ್ಲಿ ನೀರು ಸುಮಾರು ಒಂದು ಮೀಟರಿನಷ್ಟು ಉಬ್ಬುತ್ತದೆ. ಈ ದಿಬ್ಬದಿಂದ ಇಳಿಯಹೊರಟ ನೀರು ಮತ್ತೆ ಬಲಕ್ಕೆ ವಾಲಿ ದಿಬ್ಬವನ್ನೇ ಸುತ್ತತೊಡಗುತ್ತದೆ.

ನಮ್ಮ ಅರಬ್ಬೀ ಸಮುದ್ರ ಮಾತ್ರ ವರ್ಷವಿಡೀ ಈ ನಿಯಮಕ್ಕೆ ಒಗ್ಗುವುದಿಲ್ಲ. ಗಾಳಿ ತಿರುಗಿದಂತೆ ಪ್ರವಾಹವೂ ತಿರುಗುತ್ತದೆ. ಮುಂಗಾರಿನಲ್ಲಿ ಕಾರವಾರ, ಮಂಗಳೂರಿನ ತೀರದುದ್ದಕ್ಕೂ ದಕ್ಷಿಣಕ್ಕೆ ಹರಿಯುವ ನೀರು ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆ.