ಒಂದೇ ಹೆಸರು, ಬೇರೆ ಬೇರೆ ಪೂರ್ವಜರು: ನಿಡುಗಲ್ಲಿನ ಶಾಸನಗಳು ಕಲಿಸುವ ಪಾಠ

ವಂಶಚರಿತ್ರೆಯ ಸಂಶೋಧನೆಯಲ್ಲಿ ಹೆಸರು ಮೊದಲು ದೊರೆಯುವ ಆಧಾರ. ದಾರಿ ತಪ್ಪಿಸುವುದರಲ್ಲಿಯೂ ಅದೇ ಮೊದಲು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಕನ್ನಡನಾಡಿನಲ್ಲಿ ಬಹಳ ಹಳೆಯದು. ಹಳೆಯ ಮೈಸೂರು ಸೀಮೆಯ ಕಂದಾಯ ದಾಖಲೆಗಳು ವ್ಯಕ್ತಿಯನ್ನು ‘ಬಿನ್’ ಎಂಬ ಪದದಿಂದ ತಂದೆಯೊಡನೆ, ‘ಕೋಂ’ ಎಂಬ ಪದದಿಂದ ಗಂಡನೊಡನೆ ಜೋಡಿಸಿ ಗುರುತಿಸುತ್ತವೆ. ತಂದೆಯ ಹೆಸರು ದೊರೆತರೆ ವ್ಯಕ್ತಿ ನಿಶ್ಚಯವಾದನೆಂದು ತೋರುತ್ತದೆ. ಆದರೆ ಒಂದು ಮನೆತನದಲ್ಲಿ ರಾಮಯ್ಯ, ತಿಮ್ಮಯ್ಯ ಎಂಬ ಹೆಸರುಗಳು ತಲೆಮಾರು ಬಿಟ್ಟು ತಲೆಮಾರು ಬರುತ್ತಿದ್ದರೆ ‘ರಾಮಯ್ಯ ಬಿನ್ ತಿಮ್ಮಯ್ಯ’ ಎಂಬ ಜೋಡಿಯೇ ಅಜ್ಜನಿಗೂ ಮೊಮ್ಮಗನಿಗೂ ಸಲ್ಲುತ್ತದೆ. ಆಗ ತಂದೆಯ ಹೆಸರಷ್ಟೇ ಸಾಲದು. ತಾಯಿ, ಹೆಂಡತಿ, ಜಮೀನು, ಕಾಲ ಇವೆಲ್ಲ ಬೇಕಾಗುತ್ತವೆ.

ಊರಿನ ಹೆಸರೂ ಇದಕ್ಕೆ ಹೊರತಲ್ಲ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಇಂದು ಮಹಾಲಕ್ಷ್ಮಿಯ ಕ್ಷೇತ್ರವಾಗಿ ಪ್ರಸಿದ್ಧ. ‘ಗೊರವ’ ಎಂಬುದು ಶಾಸನಗಳಲ್ಲಿ ಶೈವ ತಪಸ್ವಿಯನ್ನು ಸೂಚಿಸುವ ಪದ. ಗೊರವರು ನೆಲೆಸಿದ ಊರು ಒಂದೇ ಆಗಬೇಕಿಲ್ಲವಾದುದರಿಂದ ಇದೇ ಹೆಸರಿನ ಹಳ್ಳಿಗಳು ಬೇರೆಡೆಯೂ ಇವೆ. ಹೋಬಳಿ, ತಾಲ್ಲೂಕುಗಳನ್ನು ಗಮನಿಸದೆ ‘ಗೊರವನಹಳ್ಳಿಯವನು’ ಎಂಬ ಮಾತನ್ನಷ್ಟೇ ನಂಬಿದರೆ ಬೇರೊಂದು ಮನೆತನದ ಹಿರಿಯನು ನಮ್ಮ ವಂಶವೃಕ್ಷದೊಳಗೆ ಬಂದು ಸೇರುತ್ತಾನೆ.

ಈ ತೊಡಕಿನ ಒಳ್ಳೆಯ ನಿದರ್ಶನ ಇದೇ ಸೀಮೆಯಲ್ಲಿದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದಿಂದ ಆಳಿದ ಅರಸರು ತಮ್ಮನ್ನು ಚೋಳರೆಂದೂ ಒರೆಯೂರಿನ ಅಧೀಶ್ವರರೆಂದೂ ಕರೆದುಕೊಂಡರು. ಆದ್ದರಿಂದ ‘ಚೋಳ ಮಹಾರಾಜ’ ಎಂಬ ಬಿರುದನ್ನು ಕಂಡೊಡನೆ ತಂಜಾವೂರಿನ ಚೋಳರನ್ನು ನೆನೆಯುವುದು ಮೊದಲ ತಪ್ಪಾಗುತ್ತದೆ. ಎರಡನೆಯ ತೊಡಕು ಇರುಂಗೋಳ ಎಂಬ ಹೆಸರು. ಹೊಯ್ಸಳ ವಿಷ್ಣುವರ್ಧನನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಎದುರಿಸಿದ ಅರಸರಲ್ಲಿ ಒಬ್ಬ ಇರುಂಗೋಳನಿದ್ದಾನೆ. 1232ರ ನಿಡುಗಲ್ಲು ಬೆಟ್ಟದ ಶಾಸನದಲ್ಲಿ ಆಳುತ್ತಿರುವವನೂ ಇರುಂಗೋಳನೇ. ಅಮರಾಪುರದ 1278ರ ಶಾಸನದಲ್ಲಿಯೂ ಅದೇ ಹೆಸರು ಬರುತ್ತದೆ.

ಮೊದಲಿನವನಿಗೂ 1232ರವನಿಗೂ ನಡುವೆ ಸುಮಾರು ನೂರು ವರ್ಷಗಳ ಅಂತರವಿರುವುದರಿಂದ ಅವರಿಬ್ಬರು ಒಬ್ಬರಾಗಲಾರರು. 1232 ಮತ್ತು 1278ರ ನಡುವಣ 46 ವರ್ಷಗಳಾದರೋ ಒಂದು ದೀರ್ಘ ಆಳ್ವಿಕೆಗೆ ಒಗ್ಗುವಂತಹವು. ಈ ಎರಡೂ ಶಾಸನಗಳನ್ನು ವಿದ್ವಾಂಸರು ಎರಡನೆಯ ಇರುಂಗೋಳನಿಗೆ ಸೇರಿಸಿದ್ದಾರೆ. ‘ಒಂದನೆಯ’, ‘ಎರಡನೆಯ’ ಎಂಬ ಸಂಖ್ಯೆಗಳು ಶಾಸನದವಲ್ಲ, ಚರಿತ್ರಕಾರರು ಇಟ್ಟವು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಅವು ಒಂದು ತೀರ್ಮಾನದ ಫಲ, ತೀರ್ಮಾನಕ್ಕೆ ಆಧಾರವಲ್ಲ.

ಅದೇ 1232ರ ಶಾಸನ ಈ ತೊಡಕನ್ನು ಬಿಡಿಸುವ ದಾರಿಯನ್ನೂ ತೋರಿಸುತ್ತದೆ. ನಿಡುಗಲ್ಲಿನಲ್ಲಿ ಪಾರ್ಶ್ವಜಿನನ ಬಸದಿಯನ್ನು ಮಾಡಿಸಿದ ಗಂಗೆಯನ ಮಾರೆಯನು ನೇಮಿಪಂಡಿತರ ಶಿಷ್ಯ. ನೇಮಿಪಂಡಿತರಿಗೆ ಪದ್ಮಪ್ರಭ ಮಲಧಾರಿದೇವರು ಗುರು. ಅವರಿಗೆ ವೀರನಂದಿ ಸಿದ್ಧಾಂತಚಕ್ರವರ್ತಿಗಳು ಗುರು. ಇಲ್ಲಿ ಒಂದೊಂದು ಹೆಸರನ್ನೂ ಬಿಡಿಯಾಗಿ ತೆಗೆದುಕೊಂಡರೆ ಗೊಂದಲವೇ. ‘ಮಲಧಾರಿ’ ಎಂಬುದು ಹಲವು ಮುನಿಗಳಿಗಿದ್ದ ಉಪಾಧಿ; ಅಮರಾಪುರದ ಶಾಸನದಲ್ಲಿ ಬರುವ ಬಾಲೇಂದು ಮಲಧಾರಿಗಳು ಬೇರೆಯವರು. ವೀರನಂದಿಗಳೂ ಒಬ್ಬರಲ್ಲ: ‘ಚಂದ್ರಪ್ರಭಚರಿತ’ದ ಕವಿ ಅಭಯನಂದಿಯ ಶಿಷ್ಯ; ‘ಆಚಾರಸಾರ’ವನ್ನು ಬರೆದವರು 1115ರಲ್ಲಿ ಶ್ರವಣಬೆಳಗೊಳದಲ್ಲಿ ಮುಡಿಪಿದ ಮೇಘಚಂದ್ರ ತ್ರೈವಿದ್ಯರ ಶಿಷ್ಯರು.

ಆದರೆ ಗುರು, ಶಿಷ್ಯ, ಪ್ರಶಿಷ್ಯ ಎಂಬ ಮೂರು ಕೊಂಡಿಗಳು ಒಟ್ಟಿಗೆ ದೊರೆತಾಗ ಬಿಡಿಹೆಸರಿನ ಅಸ್ಪಷ್ಟತೆ ಕರಗುತ್ತದೆ. ಪಾಟಶಿವರಂನ ಸುಮಾರು 1185ರ ಶಾಸನ ಪದ್ಮಪ್ರಭ ಮಲಧಾರಿದೇವರ ಮರಣವನ್ನು ದಾಖಲಿಸುತ್ತ ವೀರನಂದಿಗಳನ್ನೇ ಅವರ ಗುರುವೆನ್ನುತ್ತದೆ. ಕುಂದಕುಂದಾಚಾರ್ಯರ ‘ನಿಯಮಸಾರ’ಕ್ಕೆ ಸಂಸ್ಕೃತದಲ್ಲಿ ‘ತಾತ್ಪರ್ಯವೃತ್ತಿ’ಯನ್ನು ರಚಿಸಿದ ಪದ್ಮಪ್ರಭ ಮಲಧಾರಿದೇವರೂ ವೀರನಂದಿಗಳಿಗೆ ನಮಿಸುತ್ತಾರೆ. ಹೆಸರು, ಉಪಾಧಿ, ಗುರು ಮೂರೂ ಹೊಂದುವುದರಿಂದ ಒಂದು ಗ್ರಂಥದ ಕರ್ತೃವಿಗೆ ಕಾಲವೂ ನೆಲೆಯೂ ದೊರೆತವು. ಈ ಸಂಬಂಧವನ್ನು ಗಮನಿಸದಿದ್ದರೆ ವೃತ್ತಿಕಾರರು ಕಾಲವಿಲ್ಲದ ಒಂದು ಹೆಸರಾಗಿ ಉಳಿಯುತ್ತಿದ್ದರು.

ಮನೆತನದ ಚರಿತ್ರೆಗೂ ಇದೇ ಕ್ರಮ ಸಲ್ಲುತ್ತದೆ. ಕಾಲ ಹೊಂದದಿದ್ದರೆ ಹೆಸರು ಹೊಂದಿದರೂ ಬಿಡಬೇಕು. ಕಾಲ ಹೊಂದಿದರೂ ತಾಯಿ, ಹೆಂಡತಿ, ಸೋದರ, ನೆಲ, ಗುರುಮನೆ ಇವುಗಳಲ್ಲಿ ಒಂದೆರಡಾದರೂ ಸಾಕ್ಷಿ ನುಡಿಯಬೇಕು. ಅಲ್ಲಿಯವರೆಗೆ ಇಬ್ಬರನ್ನೂ ಬೇರೆ ಬೇರೆಯಾಗಿಯೇ ಬರೆದಿಡುವುದು ಲೇಸು. ಬೇರೆ ಬೇರೆಯಾಗಿ ಬರೆದಿಟ್ಟವರನ್ನು ಮುಂದೆ ಸಾಕ್ಷಿ ದೊರೆತಾಗ ಒಂದುಗೂಡಿಸಬಹುದು. ಒಬ್ಬನನ್ನಾಗಿ ಮಾಡಿಬಿಟ್ಟ ಇಬ್ಬರನ್ನು ಮತ್ತೆ ಬಿಡಿಸುವುದು ಕಷ್ಟ. ಒಬ್ಬನ ದಾನ, ಒಬ್ಬನ ಗ್ರಂಥ, ಒಬ್ಬನ ಸಾವು ಇನ್ನೊಬ್ಬನ ಲೆಕ್ಕಕ್ಕೆ ಸೇರಿದಾಗ ಆ ಇಬ್ಬರ ಬಾಳೂ ಚರಿತ್ರೆಯಿಂದ ಮರೆಯಾಗುತ್ತದೆ.