‘ಹೌದು’ ಎಂಬ ಮಾತಿನ ಬೇರು

ಹಲಕುಂದಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತ ಅಜ್ಜಿ ನನಗೆ ‘ಹೌದಪ್ಪ’ ಅನ್ನುತ್ತಿದ್ದಳು. ಮರುಗಳಿಗೆಯೇ ಪಕ್ಕದ ಮನೆಯಾಕೆಗೆ ತೆಲುಗಿನಲ್ಲಿ ‘ಔನು’ ಅನ್ನುತ್ತಿದ್ದಳು. ಒಮ್ಮೆ ತರಗತಿಯಲ್ಲಿ ನನ್ನ ಬಾಯಿಂದಲೂ ‘ಔನು ಸಾರ್’ ಎಂದು ಬಂದುಬಿಟ್ಟಿತು. ‘ಕಲಬೆರಕೆ ಕನ್ನಡ’ ಎಂದು ಮೇಷ್ಟ್ರು ಗದರಿದರು. ಹುಡುಗರೆಲ್ಲ ನಕ್ಕರು. ಆಮೇಲೆ ಬಹಳ ದಿನ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಸಂಶೋಧನೆಗೆ ತೊಡಗಿದ ಮೇಲೆ ಆ ಮಾತಿನ ಬೆನ್ನು ಹತ್ತಿದೆ. ‘ಹೌದು’ ಹುಟ್ಟಿದ್ದು ‘ಆಗು’ ಧಾತುವಿನಿಂದ. ಹಳಗನ್ನಡದಲ್ಲಿ ಅದು ‘ಅಪ್ಪುದು’, ಅಂದರೆ ‘ಆಗುವುದು’. ನಡುಗನ್ನಡಕ್ಕೆ ಬರುವಾಗ ಪಕಾರ ಸಡಿಲಗೊಂಡು ‘ಅಹುದು’ ಆಯಿತು. ‘ಇಪ್ಪುದು’ ‘ಇಹುದು’ ಆದಂತೆ. ಮುಂದೆ ಹಕಾರ ಮೊದಲಿಗೆ ಜಾರಿ ‘ಹೌದು’ ಆಯಿತು. ಕಾಸರಗೋಡು, ದಕ್ಷಿಣ ಕನ್ನಡದ ಹವ್ಯಕರ ಮನೆಗಳಲ್ಲಿ ಇಂದಿಗೂ ‘ಅಪ್ಪು’ ಅನ್ನುತ್ತಾರೆ. ಅಲ್ಲಿ ಹಳೆಯ ಪಕಾರ ಇನ್ನೂ ಉಳಿದಿದೆ. ನಮ್ಮ ಕಡೆ ಅದಕ್ಕೆ ಗೌರವ ಸೇರಿ ‘ಹೌದ್ರೀ’.

ತೆಲುಗಿನ ‘ಔನು’, ಅಂದರೆ ‘ಅವುನು’, ಕೂಡ ‘ಆಗುತ್ತದೆ’ ಎಂಬ ಅರ್ಥದ ಕ್ರಿಯಾರೂಪವೇ. ತಮಿಳಿನ ‘ಆಮ್’ ‘ಆಗುಮ್’ ಎಂಬುದರ ಮೊಟಕು. ಮೂರೂ ಒಂದೇ ಬೇರಿನ ಚಿಗುರುಗಳು. ಜರ್ಮನಿಯಿಂದ ಬಂದ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಕನ್ನಡ ಪದಗಳ ಪಕ್ಕಕ್ಕೆ ಸೋದರ ಭಾಷೆಗಳ ರೂಪಗಳನ್ನೂ ಇಟ್ಟದ್ದು ಇಂಥ ನಂಟನ್ನು ಕಾಣಿಸಲೆಂದೇ.

ದಕ್ಷಿಣ ಫ್ರಾನ್ಸಿನಲ್ಲಿ ‘ಹೌದು’ ಎನ್ನಲು ‘ಓಕ್’ ಅನ್ನುತ್ತಿದ್ದರು. ಆ ಮಾತಿನಿಂದಲೇ ಅಲ್ಲಿನ ಸೀಮೆಗೆ ಲಾಂಗ್‌ಡಾಕ್ ಎಂಬ ಹೆಸರು ಬಂತು. ಅಲ್ಲಿ ‘ಹೌದು’ ಎಂಬ ಮಾತೇ ಭಾಷೆಯ ಗಡಿಯನ್ನು ಗುರುತಿಸಿತು. ನಮ್ಮಲ್ಲಿ ಗಡಿಯನ್ನು ಸರ್ಕಾರ ಎಳೆಯಿತು. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೆ ಸೇರಿತು. ಯಾರ ಮನೆಮಾತು ಯಾವುದೆಂಬ ಜಗಳ ಆಗ ಜೋರಾಗಿಯೇ ನಡೆದಿತ್ತು. ಗಡಿ ಬೇಕಿತ್ತು, ಸರಿ. ಆದರೆ ಎರಡೂ ಮಾತಾಡುವ ಬಾಯಿಯನ್ನು ಹಾಗೆ ಸೀಳಲಾಗದು.

ಕನ್ನಡ, ತೆಲುಗು ಬೇರೆಬೇರೆ ಭಾಷೆಗಳು ನಿಜ. ತರಗತಿಯಲ್ಲಿ ಕನ್ನಡ ತಿದ್ದುವುದೂ ಮೇಷ್ಟ್ರ ಕೆಲಸವೇ. ಆದರೆ ನನ್ನ ಬಾಯಿಗೆ ಬಂದದ್ದು ಕೊಳೆಯಲ್ಲ, ದಾಯಾದಿ ಮಾತು. ಅಷ್ಟನ್ನು ಹೇಳಿ ತಿದ್ದಿದ್ದರೆ ನಾನು ಅಂದೇ ಎರಡು ಭಾಷೆಗಳ ಚರಿತ್ರೆ ಕಲಿಯುತ್ತಿದ್ದೆ. ಈಗ ಊರಿಗೆ ಹೋದಾಗ ಪಕ್ಕದ ಮನೆಯವರು ತೆಲುಗಿನಲ್ಲಿ ‘ಯಾವಾಗ ಬಂದೆ, ಇವತ್ತೇನಾ?’ ಎಂದು ಕೇಳಿದರೆ, ‘ಔನು’ ಅನ್ನಲು ನನಗೆ ನಾಚಿಕೆಯಿಲ್ಲ.