ಎಣ್ಣೆಯೊಳಗಿನ ಹನಿ - ಒಂದು ಹಳೇ ಉಪಾಯದ ಕಥೆ

ಮೈಕ್ರೋಫ್ಲೂಯಿಡಿಕ್ ಹನಿಗಳ ಬಗ್ಗೆ ಬರುವ ಲೇಖನಗಳನ್ನು ಓದಿದಾಗಲೆಲ್ಲ ನನ್ನದೊಂದು ತಕರಾರು ಇದ್ದೇ ಇರುತ್ತದೆ. ಎಲ್ಲರೂ ಕಥೆಯನ್ನು 2001ರ ಸುಮಾರಿನಿಂದ, ಪುಟ್ಟ ರಬ್ಬರ್ ಚಿಪ್ಪಿನಿಂದ ಶುರು ಮಾಡುತ್ತಾರೆ. ಕೂದಲೆಳೆಯಷ್ಟು ಸಣ್ಣ ಕಾಲುವೆ, ಅದರಲ್ಲಿ ಹರಿಯುವ ಎಣ್ಣೆ, ಎಣ್ಣೆಯೊಳಗೆ ಸೆಕೆಂಡಿಗೆ ಸಾವಿರಾರು ನೀರಿನ ಹನಿ, ಪ್ರತಿ ಹನಿಯಲ್ಲೂ ಒಂದೊಂದು ಪ್ರಯೋಗ. ಸರಿಯೇ. ಆದರೆ ಒಂದೇ ಒಂದು ಜೀವಕೋಶವನ್ನು ಹನಿಯಲ್ಲಿ ಕೂಡಿಹಾಕಿ "ಈಗ ಹೇಳು, ನೀನೊಬ್ಬನೇ ಏನು ಮಾಡ್ತೀಯ?" ಅಂತ ಕೇಳಿದ್ದು ಅದಕ್ಕಿಂತ 40 ವರ್ಷಕ್ಕೂ ಹಿಂದೆ. ಆಗ ಚಿಪ್ಪೂ ಇರಲಿಲ್ಲ, ಪಂಪೂ ಇರಲಿಲ್ಲ.

ಊರು ಆಸ್ಟ್ರೇಲಿಯಾದ ಮೆಲ್ಬರ್ನ್, ವರ್ಷ 1957. ರೋಗಾಣುಗಳ ವಿರುದ್ಧ ಪ್ರತಿಕಾಯ ತಯಾರಿಸುವ ಒಂದೊಂದು ಜೀವಕೋಶಕ್ಕೂ ಒಂದೇ ಬಗೆಯ ಪ್ರತಿಕಾಯ ಮಾಡಲು ಬರುತ್ತದೆ ಅಂತ ಮ್ಯಾಕ್‌ಫರ್ಲೇನ್ ಬರ್ನೆಟ್ ಆಗಷ್ಟೇ ವಾದಿಸಿದ್ದರು. ಇದಕ್ಕೆ ಎದುರಾಗಿ ಲೀನಸ್ ಪಾಲಿಂಗ್ 1940ರಲ್ಲಿ ಹೇಳಿದ್ದ ಅಚ್ಚಿನ ಸಿದ್ಧಾಂತವಿತ್ತು: ಹೊರಗಿನಿಂದ ಬಂದ ವಸ್ತುವೇ ಅಚ್ಚು, ಪ್ರತಿಕಾಯ ಅದಕ್ಕೆ ತಕ್ಕ ಎರಕ. ಹಾಗಿದ್ದರೆ ಎರಡು ಅಚ್ಚು ಕೊಟ್ಟಾಗ ಒಂದೇ ಕೋಶ ಎರಡೂ ಬಗೆಯದನ್ನು ಮಾಡಬಹುದಲ್ಲ? ರಕ್ತ ತೆಗೆದು ನೋಡಿದರೆ ಇದು ಇತ್ಯರ್ಥವಾಗುವುದಿಲ್ಲ. ಅಲ್ಲಿ ಅಸಂಖ್ಯ ಕೋಶಗಳ ಪ್ರತಿಕಾಯ ಬೆರೆತಿರುತ್ತದೆ. ಸಂತೆಯ ಗದ್ದಲದಲ್ಲಿ ಯಾರು ಏನೆಂದರು ಅಂತ ಹೇಗೆ ಹೇಳುವುದು?

ಗುಸ್ತಾವ್ ನೊಸಾಲ್ ಎಂಬ ತರುಣ, ಅಮೆರಿಕದಿಂದ ಬಂದಿದ್ದ ಜೋಶುವಾ ಲೆಡರ್‌ಬರ್ಗ್ ಜೊತೆ ಸೇರಿ ಮಾಡಿದ್ದು ಇಷ್ಟು. ಇಲಿಗಳಿಗೆ ಎರಡು ಬಗೆಯ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾದ ಅಂಶ ಚುಚ್ಚಿದರು. ದುಗ್ಧಗ್ರಂಥಿಯಿಂದ ಕೋಶಗಳನ್ನು ತೆಗೆದು, ಎಣ್ಣೆಯ ಕೆಳಗಿಟ್ಟ ಪುಟಾಣಿ ಹನಿಗಳಲ್ಲಿ ಒಂದೊಂದನ್ನೇ ಬಿಟ್ಟರು. ಎಣ್ಣೆ ಇದ್ದುದರಿಂದ ಹನಿ ಆರಲಿಲ್ಲ. ಕೋಶಕ್ಕೆ ಸಮಯ ಕೊಟ್ಟು, ಆಮೇಲೆ ಆ ಹನಿಗೆ ಬಾಲ ಬಡಿದು ಈಜುವ ಕೆಲವು ಬ್ಯಾಕ್ಟೀರಿಯಾ ಸೇರಿಸಿದರು. ತಕ್ಕ ಪ್ರತಿಕಾಯ ಇದ್ದರೆ ಈಜು ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುವುದಷ್ಟೇ! ಬ್ಯಾಕ್ಟೀರಿಯಾವನ್ನೇ ಮೀಟರ್ ಮಾಡಿಕೊಂಡಿದ್ದರು. ಒಂದು ಬಗೆಯದನ್ನು ನಿಲ್ಲಿಸಿದ ಕೋಶಗಳು ಸಿಕ್ಕವು, ಇನ್ನೊಂದನ್ನು ನಿಲ್ಲಿಸಿದವೂ ಸಿಕ್ಕವು, ಎರಡನ್ನೂ ನಿಲ್ಲಿಸಿದ್ದು ಒಂದೂ ಇಲ್ಲ. 1958ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಬರ್ನೆಟ್ ವಾದಕ್ಕೆ ಮೊದಲ ಗಟ್ಟಿ ಆಧಾರ.

1961ರಲ್ಲಿ ಬೋರಿಸ್ ರೋಟ್ಮನ್ ಇನ್ನೂ ಮುಂದೆ ಹೋದರು. ಸಿಲಿಕೋನ್ ಎಣ್ಣೆಯಲ್ಲಿನ ಹನಿಗಳಲ್ಲಿ, ಕಿಣ್ವದ ಒಂದೇ ಒಂದು ಅಣುವಿನ ಕೆಲಸವನ್ನು ಹೊಳಪಿನಿಂದ ಅಳೆದರು. ಹನಿ ಅಷ್ಟು ಚಿಕ್ಕದಾದ್ದರಿಂದ ಒಂದು ಅಣು ಹುಟ್ಟಿಸಿದ ಹೊಳಪೂ ಅಲ್ಲೇ ತುಂಬಿಕೊಂಡು ಕಣ್ಣಿಗೆ ಕಾಣುವಷ್ಟಾಯಿತು.

ಆಮೇಲೆ ದೊಡ್ಡ ಜಿಗಿತ 1998ರಲ್ಲಿ. ಕೇಂಬ್ರಿಜ್‌ನಲ್ಲಿ ಡ್ಯಾನ್ ಟೌಫಿಕ್ ಮತ್ತು ಆಂಡ್ರ್ಯೂ ಗ್ರಿಫಿತ್ಸ್ ಎಣ್ಣೆಗೆ ನೀರು ಹಾಕಿ ಕಡೆದರು, ಮಜ್ಜಿಗೆ ಕಡೆದ ಹಾಗೆ. ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿ ಹನಿ! ಒಂದೊಂದರಲ್ಲಿ ಒಂದು ಜೀನ್, ಅದು ಮಾಡಿಸಿದ ಪ್ರೋಟೀನು, ಆ ಪ್ರೋಟೀನಿನ ಕೆಲಸದ ಫಲ, ಮೂರೂ ಒಂದೇ ಗೋಡೆಯೊಳಗೆ. ಕೆಲಸ ಚೆನ್ನಾಗಿ ಮಾಡಿದ ಜೀನ್ ಯಾವುದೆಂದು ಹುಡುಕಬೇಕಾದರೆ ಈ ಗೋಡೆ ಬೇಕೇ ಬೇಕು. ತೊಂದರೆ ಅಂದರೆ ಕಡೆದ ಹನಿಗಳೆಲ್ಲ ಒಂದಳತೆಯಲ್ಲಿ ಇರುವುದಿಲ್ಲ. ಅಡ್ಡಳತೆ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ಹೊಳಪು ಹೆಚ್ಚಿದ್ದು ಕಿಣ್ವದಿಂದಲೋ, ಹನಿಯ ಗಾತ್ರದಿಂದಲೋ?

2001ರ ಚಿಪ್ಪಿನ ಮಹತ್ವ ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಕ್ಯಾಲ್‌ಟೆಕ್‌ನಲ್ಲಿ ಥಾರ್ಸೆನ್, ರಾಬರ್ಟ್ಸ್, ಆರ್ನಲ್ಡ್, ಕ್ವೇಕ್ ನಾಲ್ವರೂ ಇಂಗ್ಲಿಷಿನ 'ಟಿ' ಆಕಾರದ ಕಾಲುವೆಯಲ್ಲಿ ಅಡ್ಡ ಹರಿಯುವ ಎಣ್ಣೆಯಿಂದ ನೀರನ್ನು ಚಿವುಟಿಸಿದರು. ಹನಿಗಳೆಲ್ಲ ಒಂದೇ ಅಳತೆ. (ಈ ಆರ್ನಲ್ಡ್ ಅಂದರೆ 2018ರಲ್ಲಿ ನೊಬೆಲ್ ಪಡೆದ ಫ್ರಾನ್ಸಿಸ್ ಆರ್ನಲ್ಡ್.) ಹನಿ ಹೊಸದಲ್ಲ, ಅಳತೆ ಹೊಸದು.

ಯಾರೂ ಹೊಗಳದ ಇನ್ನೊಂದು ವಸ್ತು ಸೋಪು! ಸಾಲಾಗಿ ಬರುವ ಹನಿಗಳು ಒಂದಕ್ಕೊಂದು ತಾಗಿ ಕೂಡಿಕೊಳ್ಳಬಾರದು, ಒಳಗಿನ ಕೋಶ ಸಾಯಬಾರದು, ಒಳಗಿನ ಹೊಳೆಯುವ ವಸ್ತು ಪಕ್ಕದ ಹನಿಗೆ ಸೋರಬಾರದು. ಇದಕ್ಕೆ ಫ್ಲೋರಿನ್ ಇರುವ ಎಣ್ಣೆಯೂ, ಅದಕ್ಕೆ ಹೊಂದುವ ಹೊಸ ಬಗೆಯ ಸೋಪೂ ಬೇಕಾಯಿತು. ಅಂಥ ಸೋಪಿನ ವಿವರ 2008ರಲ್ಲಿ ಪ್ರಕಟವಾಯಿತು. ಆಮೇಲೆ 2010ರಲ್ಲಿ ಹಾರ್ವರ್ಡಿನ ಡೇವಿಡ್ ವೈಟ್ಸ್ ಮತ್ತು ಸಂಗಡಿಗರು ಒಂದು ಕಿಣ್ವದ ರೂಪಾಂತರಗಳನ್ನು ಹುಡುಕುತ್ತಾ 10 ಗಂಟೆಯಲ್ಲಿ ಸುಮಾರು 10 ಕೋಟಿ ಪ್ರಯೋಗ ಮಾಡಿದರು. ಖರ್ಚಾದ ದ್ರಾವಣ 150 ಮೈಕ್ರೋಲೀಟರಿಗಿಂತ ಕಡಿಮೆ, ಅಂದರೆ ಮೂರ್ನಾಲ್ಕು ತೊಟ್ಟು. ಮೂಲ ಕಿಣ್ವವೇ ಬಲು ಚುರುಕು, ಸಿಕ್ಕಿದ್ದು ಅದಕ್ಕಿಂತ 10 ಪಟ್ಟು ಚುರುಕಿನವು. 2015ರಲ್ಲಿ 'ಡ್ರಾಪ್-ಸೀಕ್' ವಿಧಾನದಲ್ಲಿ ಇಲಿಯ ಅಕ್ಷಿಪಟಲದ 44,808 ಕೋಶಗಳಲ್ಲಿ ಒಂದೊಂದರ ಆರ್‌ಎನ್‌ಎಗೂ ಅದರದೇ ಗುರುತುಚೀಟಿ ಅಂಟಿಸಿ, 39 ಗುಂಪುಗಳಾಗಿ ವಿಂಗಡಿಸಿದರು. ಅಂದಹಾಗೆ, ಇಷ್ಟೆಲ್ಲಾ ಆದರೂ ಬಹುಪಾಲು ಹನಿಗಳು ಖಾಲಿಯೇ. ಒಂದರಲ್ಲಿ ಎರಡು ಕೋಶ ಸೇರದಿರಲಿ ಅಂತ ಕೋಶಗಳನ್ನು ಅಷ್ಟು ತೆಳುವಾಗಿ ಬೆರೆಸಿರುತ್ತಾರೆ.

2017ರಲ್ಲಿ ಪ್ಯಾರಿಸ್ಸಿನಿಂದ ಬಂದ ಒಂದು ಪ್ರಬಂಧ ನನಗೆ ಬಹಳ ಇಷ್ಟ. ಬರೆದವರಲ್ಲಿ 1998ರ ಅದೇ ಗ್ರಿಫಿತ್ಸ್ ಕೂಡ ಇದ್ದಾರೆ. ಚುಚ್ಚುಮದ್ದು ಕೊಟ್ಟ ಇಲಿಗಳ ಕೋಶಗಳನ್ನು ಒಂದೊಂದಾಗಿ ಹನಿಗಳಲ್ಲಿ ಕೂಡಿಹಾಕಿ, ಒಳಗೆ ಅಯಸ್ಕಾಂತಕ್ಕೆ ಸಾಲುಗಟ್ಟುವ ಸೂಕ್ಷ್ಮ ಕಣಗಳನ್ನೂ ಬಿಟ್ಟು, ಆ ಸಾಲಿನ ಮೇಲೆ ಹೊಳಪು ಹೇಗೆ ಏರುತ್ತದೆ ಅಂತ ನೋಡಿದರು. ಹಾಗೆ ಅಳೆದದ್ದು, ಒಂಟಿ ಕೋಶವೊಂದು ಎಷ್ಟು ವೇಗವಾಗಿ ಪ್ರತಿಕಾಯ ಹೊರಹಾಕುತ್ತದೆ ಎಂಬುದನ್ನು.